ಅಲ್ಲೇನಿದೆ?

ಸಲಾಲಾಕ್ಕೆ ಹೊರಟಿದ್ದೇನೆ ಎಂದರೆ ಯಾರೂ ಏಕೆ ಎಂದು ಕೇಳುವುದಿಲ್ಲ. ಮಳೆ, ಹಸಿರು, ಎಳನೀರು ಎಂದು ಮಾತನ್ನು ಅವರೇ ಪೂರ್ತಿ ಮಾಡುತ್ತಾರೆ. ದುಬೈ ಎಂದರಂತೂ ತರಬೇಕಾದ ಸಾಮಾನಿನ ಪಟ್ಟಿಯನ್ನೇ ಕೈಗಿಡುತ್ತಾರೆ. ಆದರೆ ರಜೆಗೆ ದುಕ್ಮ್‌ಗೆ ಹೋಗುತ್ತೇನೆ ಎಂದು ಒಮ್ಮೆ ಹೇಳಿ ನೋಡಿ. ಹತ್ತರಲ್ಲಿ ಒಂಬತ್ತು ಮಂದಿ ಕೇಳುವುದು ಒಂದೇ ಪ್ರಶ್ನೆ: "ಅಲ್ಲೇನಿದೆ?" ಹತ್ತನೆಯವರು ಅಲ್ಲೇ ಕೆಲಸ ಮಾಡುವವರು. ಅವರು ಕೇಳುವುದಿಲ್ಲ, ಸುಮ್ಮನೆ ನಗುತ್ತಾರೆ.

ಈಚಿನ ವರ್ಷಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಹುಮ್ಮಸ್ಸೂ ನಮ್ಮವರಲ್ಲಿ ಬೆಳೆದಿದೆ. ಎಲ್ಲರೂ ನೋಡಿದ್ದನ್ನು ನೋಡಿ ಏನು ಪ್ರಯೋಜನ, ಯಾರೂ ಹೋಗದ ಜಾಗಕ್ಕೆ ಹೋಗಬೇಕು ಎನ್ನುವ ಹುಮ್ಮಸ್ಸು. ಒಬ್ಬರು ಮಂಗೋಲಿಯಾ ಎನ್ನುತ್ತಾರೆ, ಇನ್ನೊಬ್ಬರು ಸೊಕೊತ್ರಾ ದ್ವೀಪ ಎನ್ನುತ್ತಾರೆ. ಮಸ್ಕತ್‌ನಲ್ಲಿ ಕೂತವರಿಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಸಿನಾವ್, ಮಹೂತ್ ದಾಟಿ ದಕ್ಷಿಣಕ್ಕೆ ಸುಮಾರು 550 ಕಿಲೋಮೀಟರ್ ಹೋದರೆ ದುಕ್ಮ್ ಸಿಗುತ್ತದೆ. ಯಾರೂ ಹೋಗದ ಊರಿಗೆ ಹೋಗುವುದು ಒಂದು ಗುಣವೇ, ಶೋಕಿಯೇ, ಅಥವಾ ಮತ್ತೊಬ್ಬರಿಗೆ ಮಾಡುವ ತೊಂದರೆಯೇ? ಈ ಪ್ರಶ್ನೆಯನ್ನು ಓದುಗ ಮಿತ್ರರ ಜೊತೆ ಸ್ವಲ್ಪ ಚರ್ಚಿಸಬೇಕೆನಿಸಿದೆ.

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದ್ದು ನಿಜ. ಆದರೆ ಅವರು ಸುತ್ತಿದ ದೇಶವೆಂದರೆ ಹೆಚ್ಚಾಗಿ ಕ್ಷೇತ್ರಗಳೇ: ಕಾಶಿ, ರಾಮೇಶ್ವರ, ತಿರುಪತಿ, ಧರ್ಮಸ್ಥಳ. ಯಾತ್ರೆಯ ಒಂದು ವಿಶೇಷವನ್ನು ಗಮನಿಸಿ. ಪಕ್ಕದಲ್ಲಿ ಲಕ್ಷ ಜನ ಮುಳುಗು ಹಾಕಿದರೆಂದು ಒಬ್ಬನ ಗಂಗಾಸ್ನಾನದ ಪುಣ್ಯ ಕಡಿಮೆಯಾಗುವುದಿಲ್ಲ. ಹಜ್‌ಗೆ ಹೋಗಿ ಬಂದ ನಮ್ಮ ಭಟ್ಕಳದ ಸ್ನೇಹಿತರನ್ನು ಕೇಳಿ, ವೇಲಾಂಕಣಿಗೆ ಹರಕೆ ಹೊತ್ತು ಹೋದ ಮಂಗಳೂರಿನವರನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ. ಜನ ಹೆಚ್ಚಿದಷ್ಟೂ ಅಲ್ಲಿ ಭಕ್ತಿ ಹೆಚ್ಚು. ಹೊಸ ಕಾಲದ ಪ್ರವಾಸಿಯ ಲೆಕ್ಕ ಬೇರೆ. ಆತ ಐದಾರು ಗಂಟೆ ಮರಳುಗಾಡಿನಲ್ಲಿ ಕಾರು ಓಡಿಸಿ, ಕಡೆಗೆ ತನ್ನ ‘ಯಾರೂ ಕಾಣದ’ ಕಡಲತೀರಕ್ಕೆ ಬಂದಾಗ ಅಲ್ಲಿ ಇನ್ನೊಂದು ಕಾರು ನಿಂತಿದ್ದರೆ ಮುಖ ಬಾಡುತ್ತದೆ. ಕಡಲು ಅದೇ, ಗಾಳಿ ಅದೇ. ಇನ್ನೊಬ್ಬ ನೋಡಿದ ಮಾತ್ರಕ್ಕೆ ಇವನಿಗೆ ಏನೋ ನಷ್ಟವಾಗುತ್ತದೆ. ಹಂಚಿಕೊಂಡರೆ ಕರಗುವ ಪುಣ್ಯ ಇದು.

ಹೀಗೆ ಕರಗುವಂಥದ್ದು ನಿಜಕ್ಕೂ ಯಾವುದು? ಮೌನವಾದರೆ ಸರಿ, ಅದು ಜನ ಬಂದರೆ ಕರಗುವುದು ಸಹಜ. ಅದನ್ನು ಬಯಸುವುದರಲ್ಲಿ ತಪ್ಪೂ ಇಲ್ಲ. ಆದರೆ ಬಹಳ ಸಲ ಕರಗುವುದು ‘ನಾನು ಮಾತ್ರ ನೋಡಿದೆ’ ಎಂಬ ಹೆಮ್ಮೆ. ಮದುವೆ ಮನೆಯಲ್ಲಿ ತನ್ನಂಥದೇ ಸೀರೆ ಇನ್ನೊಬ್ಬರು ಉಟ್ಟದ್ದನ್ನು ಕಂಡು ಆಗುವ ಬೇಸರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅಲ್ಲಿ ಸೀರೆಯ ನೇಯ್ಗೆ ಮುಖ್ಯವಾಗಿರಲಿಲ್ಲ, ಇಲ್ಲಿ ಊರು ಮುಖ್ಯವಾಗಿಲ್ಲ. ಊರು ನಮ್ಮ ಹೆಮ್ಮೆಗೆ ಒಡ್ಡಿದ ಕನ್ನಡಿ ಅಷ್ಟೆ.

ಇನ್ನು ‘ಯಾರೂ ಹೋಗದ ಊರು’ ಎಂಬ ಮಾತನ್ನೇ ಬಿಡಿಸಿ ನೋಡೋಣ. ‘ಯಾರೂ’ ಎಂದರೆ ಯಾರು?

ದುಕ್ಮ್‌ನ ಹಿಂದೆ ಒಳನಾಡಿನಲ್ಲಿ ಹರಡಿರುವ ಕಲ್ಲು ಬಯಲಿಗೆ ಜಿದ್ದತ್ ಅಲ್ ಹರಾಸೀಸ್ ಎಂದು ಹೆಸರು. ಹೆಸರಿನಲ್ಲೇ ಒಡೆಯರಿದ್ದಾರೆ: ಹರಾಸೀಸ್ ಬುಡಕಟ್ಟಿನವರು. ಇವರ ಮನೆಮಾತು ಹರ್ಸೂಸಿ. ಇದು ಅರಬ್ಬಿಯ ಒಂದು ಉಪಭಾಷೆಯಲ್ಲ. ಮೆಹ್ರಿಯ ಹತ್ತಿರದ ಬಳಗಕ್ಕೆ ಸೇರಿದ ಬೇರೆಯೇ ಭಾಷೆ. ಭಾಷಾಶಾಸ್ತ್ರಜ್ಞ ಜಾನ್‌ಸ್ಟನ್ 1977ರಲ್ಲಿ ಇದಕ್ಕೊಂದು ನಿಘಂಟನ್ನು ಪ್ರಕಟಿಸಿದರು. ತುಳುವನ್ನೋ ಕೊಡವ ಭಾಷೆಯನ್ನೋ ಕನ್ನಡದ ಒಂದು ರೀತಿ ಎಂದು ಯಾರಾದರೂ ಹೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಎದ್ದು ನಿಲ್ಲುತ್ತೇವೆ! ಹರ್ಸೂಸಿ ಆಡುವವರು ಬಹಳ ಕಡಿಮೆ. ಅವರ ಪರವಾಗಿ ಎದ್ದು ನಿಲ್ಲಲು ನಮ್ಮಷ್ಟು ಸಂಘಗಳಿಲ್ಲ. ಈ ಬಯಲಿನಲ್ಲಿ ಹೊಳೆಯಿಲ್ಲ, ಊಟೆಯಿಲ್ಲ. 1950ರ ದಶಕದಲ್ಲಿ ತೈಲ ಕಂಪನಿಯವರು ಬಾವಿ ಕೊರೆಯುವವರೆಗೆ ಜನ ಒಂಟೆ ಮತ್ತು ಆಡಿನ ಹಾಲನ್ನೇ ನೀರಿನ ಬದಲು ಕುಡಿದು ಬಾಳಿದರು. ಕಡಲಿನಿಂದ ಬರುವ ಮಂಜು ಗಿಡಗಳ ಮೇಲೆ ಇಳಿಸುವ ತೇವವೇ ಪ್ರಾಣಿಗಳ ಜೀವನಾಧಾರ.

ಕಡಲ ಬದಿಯಲ್ಲಿ ಬೆಸ್ತರು. ಅವರು ಕನಾದ್ ಎಂದು ಕರೆಯುವ ಮೀನು ನಮ್ಮ ಕರಾವಳಿಯವರ ಅಂಜಲ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ತೀರದ ಬದಿಯಲ್ಲಿ ಬೀಸುವ ನೈಋತ್ಯ ಮಾರುತ ಮೇಲಿನ ಬೆಚ್ಚಗಿನ ನೀರನ್ನು ಆಚೆ ತಳ್ಳುತ್ತದೆ, ತಳದ ತಣ್ಣೀರು ಮೇಲೆ ಬರುತ್ತದೆ. ಅದರ ಜೊತೆಗೇ ಮೀನಿಗೆ ಬೇಕಾದ ಪೋಷಣೆಯೂ ಬರುತ್ತದೆ. ಮಸ್ಕತ್ ಬೆಂಕಿಯಂತೆ ಕಾಯುವಾಗ ದುಕ್ಮ್ ತಂಪಾಗಿರುವುದು ಇದರಿಂದಲೇ. ಅದೇ ಗಾಳಿ ಸಮುದ್ರ ದಾಟಿ ಆಗುಂಬೆಯಲ್ಲಿ, ಶಿರಸಿಯಲ್ಲಿ ಮಳೆಯಾಗಿ ಸುರಿಯುತ್ತದೆ. ಬೇರೆ ಸಮುದ್ರಗಳ ಗೂನುಬೆನ್ನಿನ ತಿಮಿಂಗಿಲಗಳು ಧ್ರುವದ ಕಡೆಗೆ ವಲಸೆ ಹೋದರೆ, ಅರಬ್ಬೀ ಸಮುದ್ರದವು ಎಲ್ಲಿಗೂ ಹೋಗದೆ ಇಲ್ಲೇ ಉಳಿಯುತ್ತವೆ. ಒಮಾನ್ ತೀರದಲ್ಲಿ ಅವು ನೂರಕ್ಕೂ ಕಡಿಮೆ ಎಂದು ವಿಜ್ಞಾನಿಗಳ ಅಂದಾಜು.

ಹೊರಗಿನವರೂ ಇಲ್ಲಿಗೆ ಬರದೇ ಇದ್ದವರಲ್ಲ. 1954ರಲ್ಲಿ ತೈಲ ಹುಡುಕುವ ತಂಡವೊಂದು ಹಡಗಿನಿಂದ ಇಳಿದದ್ದು ಇದೇ ದುಕ್ಮ್ ತೀರದಲ್ಲಿ. ಇಲ್ಲಿಂದ ಅವರು ಒಳನಾಡಿನ ಫಹೂದ್ ಕಡೆಗೆ ನಡೆದರು. 2011ರಲ್ಲಿ ಇಲ್ಲಿ 2,000 ಚದರ ಕಿಲೋಮೀಟರಿನ ವಿಶೇಷ ಆರ್ಥಿಕ ವಲಯಕ್ಕೆ ಪ್ರಾಧಿಕಾರ ಬಂತು. ಹಡಗು ದುರಸ್ತಿ ಕಟ್ಟೆ, ಬಂದರು, ವಿಮಾನ ನಿಲ್ದಾಣ ಬಂದವು. ದಿನಕ್ಕೆ 2,30,000 ಬ್ಯಾರೆಲ್ ಸಾಮರ್ಥ್ಯದ ಸಂಸ್ಕರಣಾಗಾರ 2024ರಲ್ಲಿ ಉದ್ಘಾಟನೆಯಾಯಿತು. ಇವನ್ನೆಲ್ಲ ಕಟ್ಟಿದ ಕೈಗಳಲ್ಲಿ ನಮ್ಮ ಕೈಗಳೂ ಇದ್ದವು: ವೆಲ್ಡರು, ಪೈಪ್ ಫಿಟ್ಟರು, ಕ್ರೇನ್ ನಡೆಸುವವರು, ಅಡುಗೆಯವರು, ಸೇಫ್ಟಿ ಆಫೀಸರುಗಳು. ಇಷ್ಟು ಜನ ಇರುವ, ಬಂದುಹೋದ ಜಾಗವನ್ನು ‘ಯಾರೂ ಹೋಗದ ಊರು’ ಎನ್ನಬೇಕಾದರೆ ‘ಯಾರೂ’ ಎಂಬ ಪದಕ್ಕೆ ‘ನಮ್ಮಂತೆ ರಜೆಗೆ, ಖುಷಿಗೆ ಹೋಗುವ ಯಾರೂ’ ಎಂದೇ ಅರ್ಥ ಹೇಳಬೇಕು. ಬೆಸ್ತನೂ ಕೂಲಿಯೂ ಆ ಎಣಿಕೆಯಲ್ಲಿ ಬರುವುದಿಲ್ಲ.

ಇಲ್ಲಿ ಒಬ್ಬ ಹಳೆಯ ಪ್ರವಾಸಿಯನ್ನು ನೆನೆಯಬಹುದು. 14ನೇ ಶತಮಾನದಲ್ಲಿ ಇಬ್ನ್ ಬತೂತಾ ಧೋಫಾರ್‌ನಿಂದ ಹಡಗು ಹತ್ತಿ ಈ ತೀರವನ್ನೇ ಹಾದುಹೋದ. ದುಕ್ಮ್‌ನ ಉತ್ತರಕ್ಕಿರುವ ಮಸೀರಾ ದ್ವೀಪದ ಬಗ್ಗೆ ಅವನು ಬರೆದದ್ದು ಬಹಳ ಸ್ವಲ್ಪ. ಅಲ್ಲಿನವರಿಗೆ ಮೀನಲ್ಲದೆ ಬೇರೆ ಜೀವನವಿಲ್ಲ ಎಂದು ಹೇಳಿ ಮುಂದೆ ಹೋಗುತ್ತಾನೆ. ಅದೇ ಮನುಷ್ಯ ಕೆಲವು ವರ್ಷಗಳ ನಂತರ ನಮ್ಮ ಹೊನ್ನಾವರಕ್ಕೆ ಬಂದ. ಅಲ್ಲಿ ಇಳಿದ, ಉಳಿದ, ಜನರೊಡನೆ ಬೆರೆತ. ಹಾಗಾಗಿ ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ನಮಗೆ ಇಂದೂ ಗೊತ್ತು. ಕಣ್ಣು ಎರಡೂ ಕಡೆ ಅವನದೇ. ಉಳಿದಲ್ಲಿ ಶಾಲೆ ಕಂಡಿತು, ಹಾದುಹೋದಲ್ಲಿ ಮೀನು ಮಾತ್ರ ಕಂಡಿತು. ಒಂದು ಊರಿನಲ್ಲಿ ‘ಏನಿದೆ’ ಎಂಬುದು ಊರಿನ ಮೇಲೆ ಎಷ್ಟು ನಿಂತಿದೆಯೋ ನೋಡುವವನ ಬಿಡುವಿನ ಮೇಲೂ ಅಷ್ಟೇ ನಿಂತಿದೆ.

ಈಗ ಎದುರು ಪಕ್ಷದ ವಾದ. ಕೆಲವರು ಹೇಳುತ್ತಾರೆ: "ಇಂಥ ಜಾಗಗಳಿಗೆ ಹೋಗದಿರುವುದೇ ದೊಡ್ಡ ಉಪಕಾರ. ಒಬ್ಬ ಹೋದರೆ ಹತ್ತು ಜನ ಹೋಗುತ್ತಾರೆ, ಹತ್ತು ಜನ ಹೋದರೆ ಪ್ಲಾಸ್ಟಿಕ್ ಹೋಗುತ್ತದೆ." ಇದು ತಳ್ಳಿಹಾಕುವ ಮಾತಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ದಾರಿಯಲ್ಲಿ ಚಾರಣಿಗರ ಜಾತ್ರೆಯೇ ನೆರೆದು, ಅರಣ್ಯ ಇಲಾಖೆ ಚಾರಣಗಳನ್ನು ನಿಲ್ಲಿಸಿ ಆನ್‌ಲೈನ್ ಟಿಕೆಟಿನ ವ್ಯವಸ್ಥೆಗೆ ಹೋಗಬೇಕಾಯಿತು. 2019ರಲ್ಲಿ ಹಂಪಿಯ ಕಲ್ಲುಕಂಬವೊಂದನ್ನು ಮೋಜಿಗಾಗಿ ಕೆಡವಿದ ಯುವಕರಿಗೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ನೂರಾರು ವರ್ಷ ನಿಂತ ಕಂಬ ಬೀಳಲು ಒಂದು ಮಧ್ಯಾಹ್ನ ಸಾಕು.

ದುಕ್ಮ್‌ನ ಹಿಂದಿನ ಬಯಲಿನಲ್ಲಿ ಇದಕ್ಕಿಂತ ಘೋರವಾದದ್ದೇ ನಡೆದಿದೆ. ಬಿಳಿ ಮೈಯ, ನೇರವಾದ ಉದ್ದ ಕೊಂಬಿನ ಅರೇಬಿಯನ್ ಓರಿಕ್ಸ್ ಎಂಬ ಹುಲ್ಲೆ ಒಂದು ಕಾಲಕ್ಕೆ ಅರೇಬಿಯಾದ ಮರಳುಗಾಡಿನ ತುಂಬ ಇತ್ತು. ಮೋಟಾರು ಗಾಡಿ, ಬಂದೂಕು ಬಂದ ಮೇಲೆ ದೂರದಿಂದ ಬೇಟೆಯ ಮೋಜಿಗೆಂದು ಬಂದವರು ಅದನ್ನು ಮುಗಿಸಿದರು. ಕಾಡಿನಲ್ಲಿ ಉಳಿದಿದ್ದ ಕೊನೆಯವು 1972ರಲ್ಲಿ ಈ ಜಿದ್ದತ್ ಬಯಲಿನಲ್ಲೇ ಹತವಾದವು. ಪ್ರವಾಸಿಯ ಖುಷಿಗೆ ಒಂದು ಜೀವಜಾತಿಯೇ ಕಾಡಿನಿಂದ ಅಳಿಸಿಹೋಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇದು ಬರಲಿದೆ ಎಂದು ಮೊದಲೇ ಊಹಿಸಿದ ಇನ್ನು ಕೆಲವು ಹೊರಗಿನವರು 1962ರಲ್ಲಿ ಕೆಲವು ಓರಿಕ್ಸ್‌ಗಳನ್ನು ಹಿಡಿದು, 1963ರಿಂದ ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಸಾಕತೊಡಗಿದ್ದರು. ಸುಲ್ತಾನ್ ಖಾಬೂಸರ ಆಸಕ್ತಿಯಿಂದ ಅವುಗಳ ಸಂತಾನ ಮರಳಿ ಬಂತು. 1982ರ ಜನವರಿಯಲ್ಲಿ ಜಾಲೂನಿಯಲ್ಲಿ ಹತ್ತು ಓರಿಕ್ಸ್‌ಗಳನ್ನು ಬಯಲಿಗೆ ಬಿಟ್ಟರು. ಕಾವಲಿಗೆ ನಿಂತವರು ಹರಾಸೀಸ್ ಜನ. 1994ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1996ರ ಹೊತ್ತಿಗೆ ಓರಿಕ್ಸ್ 450ಕ್ಕೆ ಏರಿದವು. ಅನಂತರ ಮತ್ತೆ ಕಳ್ಳಬೇಟೆ, ಜೀವಂತ ಹಿಡಿದು ಮಾರುವ ದಂಧೆ. ಸಂಖ್ಯೆ 65ಕ್ಕೆ ಇಳಿಯಿತು. ತೈಲ ಶೋಧನೆಗಾಗಿ ಅಭಯಾರಣ್ಯದ ವಿಸ್ತಾರವನ್ನು ಶೇಕಡಾ 90ರಷ್ಟು ಕಡಿಮೆ ಮಾಡಲಾಯಿತು. 2007ರಲ್ಲಿ ಯುನೆಸ್ಕೋ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತು. ಆ ಪಟ್ಟಿಯಿಂದ ಹೊರಬಿದ್ದ ಜಗತ್ತಿನ ಮೊದಲ ತಾಣ ಇದು. ಆಮೇಲೆ ಬೇಲಿಯೊಳಗೆ ಸಾಕಿ ಮತ್ತೆ ಸಂಖ್ಯೆ ಬೆಳೆಸಿದ್ದಾರೆ.

ಈ ಒಂದು ಪ್ರಾಣಿಯ ಕಥೆಯಲ್ಲಿ ನಮ್ಮ ಪ್ರಶ್ನೆಗೆ ಬೇಕಾದ ಪಾಠ ಪೂರ್ತಿ ಇದೆ. ಹೊರಗಿನವರು ಬಂದದ್ದರಿಂದ ಓರಿಕ್ಸ್ ಸತ್ತಿತು. ಹೊರಗಿನವರು ಬಂದದ್ದರಿಂದಲೇ ಉಳಿಯಿತು. ಆದ್ದರಿಂದ ಹೊರಗಿನವರು ಹೋಗಬೇಕೆ, ಬೇಡವೆ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಯಾವ ಕಣ್ಣಿನಿಂದ ಹೋಗುತ್ತಾರೆ ಎಂಬುದನ್ನು ಕೇಳಬೇಕು. ಉಳಿಸಲು ಬಂದವರ ಕಣ್ಣಿನಲ್ಲೂ ಕೊರತೆ ಇತ್ತೆಂದು, ಹರಾಸೀಸ್ ಜನರ ಜೊತೆ ದಶಕಗಳ ಕಾಲ ಒಡನಾಡಿದ ಮಾನವಶಾಸ್ತ್ರಜ್ಞೆ ಡಾನ್ ಚಾಟಿ ಬರೆದಿದ್ದಾರೆ. ಯೋಜನೆ ಮಾಡುವಾಗ ಆ ಬಯಲಿನ ಜನರನ್ನು ಪಾಲುದಾರರಾಗಿ ಕೂರಿಸಿಕೊಳ್ಳಲಿಲ್ಲ, ಸಂಬಳದ ಕಾವಲುಗಾರರಾಗಿ ಮಾತ್ರ ಇಟ್ಟುಕೊಂಡರು ಎಂಬುದು ಅವರ ಆಕ್ಷೇಪದ ಸಾರ. ಪ್ರಾಣಿಯನ್ನು ನೋಡಿದ ಕಣ್ಣಿಗೆ ಅದರ ಪಕ್ಕದಲ್ಲಿ ನಿಂತ ಮನುಷ್ಯ ಸರಿಯಾಗಿ ಕಾಣಲಿಲ್ಲ.

ಯಾರೂ ಹೋಗದಿದ್ದರೆ ಊರು ಹಾಗೇ ಉಳಿಯುತ್ತದೆ ಎಂಬ ನಂಬಿಕೆಯೂ ಗಟ್ಟಿಯಲ್ಲ. ನಮ್ಮ ಕಂದಾಯ ದಾಖಲೆಗಳಲ್ಲಿ ‘ಖರಾಬು’ ಎಂಬ ಪದ ಇರುವುದು ಎಲ್ಲರಿಗೂ ಗೊತ್ತು. ಬೇಸಾಯಕ್ಕೆ ಬಾರದ್ದು ಎಂಬುದು ಅದರ ಅರ್ಥ. ಕಿವಿಗೆ ಕೇಳುವುದು ಮಾತ್ರ ಯಾವುದಕ್ಕೂ ಬಾರದ್ದು ಎಂದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆ ಹುಲ್ಲುಗಾವಲನ್ನು 2010ರ ಆಸುಪಾಸಿನಲ್ಲಿ ರಕ್ಷಣಾ, ಬಾಹ್ಯಾಕಾಶ, ಅಣುಶಕ್ತಿ ಮೊದಲಾದ ಸಂಸ್ಥೆಗಳಿಗೆ ಕೊಟ್ಟಾಗ, ಅಲ್ಲಿ ಕುರಿ, ದನ ಮೇಯಿಸುತ್ತಿದ್ದವರು ಹಸಿರು ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು. ದೂರದಿಂದ ನಕ್ಷೆ ನೋಡಿದವರಿಗೆ ಅಲ್ಲಿ ಏನೂ ಇರಲಿಲ್ಲ. ಹತ್ತಿರದಿಂದ ನೋಡಿದವರಿಗೆ ಕೃಷ್ಣಮೃಗವಿತ್ತು, ಎರ್ಲಡ್ಡು ಹಕ್ಕಿಯಿತ್ತು, ಊರುಗಳ ಬದುಕಿತ್ತು. ಸಂಸ್ಥೆಗಳು ಬೇಡ, ಬಂದರು ಬೇಡ ಎಂದು ನಾನು ವಾದಿಸುತ್ತಿಲ್ಲ. ಇಂಥ ಕೆಲಸಗಳಿಂದಲೇ ನಮ್ಮಲ್ಲಿ ಎಷ್ಟೋ ಮನೆಗಳ ದೀಪ ಉರಿಯುತ್ತಿದೆ. ಆದರೆ ತಕ್ಕಡಿಯಲ್ಲಿ ತೂಗುವಾಗ ಒಂದು ತಟ್ಟೆಯಲ್ಲಿ ಏನೂ ಇಲ್ಲ ಎಂದು ಮೊದಲೇ ಬರೆದುಬಿಟ್ಟರೆ ಅದು ತೂಕವಲ್ಲ. "ಅಲ್ಲೇನಿದೆ?" ಎಂದು ಕೇಳುವುದು ತಪ್ಪಲ್ಲ, ಉತ್ತರಕ್ಕೆ ಕಾಯದೆ ಕೇಳುವುದು ತಪ್ಪು. ಆದ್ದರಿಂದ ಹೋಗಿ, ನೋಡಿ, ಇಂಥಿಂಥದು ಇದೆ ಎಂದು ಸಾಕ್ಷಿ ಹೇಳುವವರು ಬೇಕು.

ಹಾಗಾದರೆ ಹೇಗೆ ಹೋಗಬೇಕು? ಇದಕ್ಕೆ ಉತ್ತರ ನಮ್ಮಲ್ಲೂ ಇದೆ, ಈ ನೆಲದಲ್ಲೂ ಇದೆ. ತಿಥಿ ಗೊತ್ತುಮಾಡದೆ ಬಂದವನು ಅತಿಥಿ ಎಂದು ನಾವು ಹೇಳುತ್ತೇವೆ, ಅವನನ್ನು ದೇವರೆಂದು ಕಾಣಬೇಕೆನ್ನುತ್ತೇವೆ. ಇಸ್ಲಾಮಿನ ಸಂಪ್ರದಾಯದಲ್ಲಿ ಅತಿಥಿ ಸತ್ಕಾರ ಮೂರು ದಿನ. ಅದರ ಮೇಲಿನದು ದಾನ. ಇದರ ಜೊತೆಗೇ ಇನ್ನೊಂದು ಮಾತೂ ಇದೆ: ಆತಿಥೇಯನಿಗೆ ಕಷ್ಟವಾಗುವಷ್ಟು ಕಾಲ ಉಳಿಯುವುದು ಅತಿಥಿಗೆ ಸಲ್ಲದು. ಅತಿಥಿಗೆ ಏನು ಕೊಡಬೇಕೆಂದು ನಾವು ಬಹಳ ಹೇಳುತ್ತೇವೆ, ಅತಿಥಿ ಹೇಗಿರಬೇಕೆಂದು ಹೇಳುವುದು ಕಡಿಮೆ. ಪ್ರವಾಸದ ನೀತಿ ಎಂದರೆ ಅತಿಥಿಯ ಧರ್ಮವೇ ಹೊರತು ಬೇರೇನಲ್ಲ.

ಅತಿಥಿಯಾದವನು ಮನೆಯ ಯಜಮಾನನ ಹೆಸರು ತಿಳಿದು ಹೋಗುತ್ತಾನೆ. ಹಾಗೆಯೇ ಹರಾಸೀಸ್ ಎಂಬ ಹೆಸರನ್ನಾದರೂ ತಿಳಿದು ಹೊರಡಬೇಕು. ಅತಿಥಿ ಚಪ್ಪಲಿ ಹೊರಗೆ ಬಿಡುತ್ತಾನೆ. ಕಲ್ಲು ಬಯಲಿನ ಮೇಲೆ ಗಾಲಿಯ ಗುರುತು ವರ್ಷಗಟ್ಟಲೆ ಮಾಸುವುದಿಲ್ಲ, ಹಾಗಾಗಿ ಇರುವ ಜಾಡು ಬಿಟ್ಟು ಕಾರು ಹರಿಸಬಾರದು. ದುಕ್ಮ್‌ನ ಕಲ್ಲಿನ ತೋಟದ ಬಂಡೆಗಳಿಗೆ ಸುಮಾರು 4.6 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ. ಗಾಳಿ, ನೀರು ಅಷ್ಟು ಕಾಲ ಕೆತ್ತಿದ ಮೇಲೆ ನಮ್ಮ ಹೆಸರನ್ನೂ ಕೆತ್ತುವ ಅಗತ್ಯವಿಲ್ಲ, ತುಂಡನ್ನು ಷೋಕೇಸಿಗೆ ತರುವ ಅಗತ್ಯವೂ ಇಲ್ಲ. ಕೇಳದೆ ಮನೆಯವರ ಫೋಟೋ ತೆಗೆಯುವುದು ಎಲ್ಲಿಯೂ ಸಭ್ಯತೆಯಲ್ಲ. ಮಸೀರಾದಲ್ಲಿ ರಾತ್ರಿ ಮೊಟ್ಟೆಯಿಡಲು ಬರುವ ಆಮೆಗೆ ಟಾರ್ಚು ಬಿಡುವುದಂತೂ ಬಾಣಂತಿಯ ಕೋಣೆಗೆ ನುಗ್ಗಿದಂತೆ.

ನೋಡಿ ಬಂದ ಮೇಲೆ ಹೇಳಬೇಕೆ, ಗುಟ್ಟಾಗಿಡಬೇಕೆ? ಕಾರಂತರ, ಗೋಕಾಕರ, ಗೊರೂರರ ಪ್ರವಾಸ ಕಥನಗಳನ್ನು ಓದಿ ಬೆಳೆದವರು ನಾವು. ಅವರು ಹೇಳದೇ ಇದ್ದಿದ್ದರೆ ನಮಗೆ ನಷ್ಟವಾಗುತ್ತಿತ್ತು. ಆದರೆ ಕಥನ ಬೇರೆ, ಇಂದು ಫೋನಿನ ನಕ್ಷೆಯಲ್ಲಿ ಇಟ್ಟು ಸಾವಿರಾರು ಜನಕ್ಕೆ ಕಳಿಸುವ ಚುಕ್ಕೆ ಬೇರೆ. ಕಥನ ಹೇಗೆ ನೋಡಬೇಕೆಂದು ಕಲಿಸುತ್ತದೆ, ಚುಕ್ಕೆ ಎಲ್ಲಿ ಕಾರು ನಿಲ್ಲಿಸಬೇಕೆಂದು ಮಾತ್ರ ಹೇಳುತ್ತದೆ. ಬಯಲಿನ ಬಗ್ಗೆ ಹೇಳೋಣ, ಗೂಡಿನ ವಿಳಾಸ ಬೇಡ.

ಕಡೆಯದಾಗಿ ಒಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ನೋಡುವ ಕುತೂಹಲ ಎಲ್ಲರಿಗೂ ಇದೆ. ನೋಡುವ ಬಿಡುವು, ಬಂಡಿ, ಕಾಸು ಎಲ್ಲರಿಗೂ ಇಲ್ಲ. ದುಕ್ಮ್‌ನಲ್ಲಿ ವರ್ಷಗಟ್ಟಲೆ ದುಡಿಯುವ ಒಬ್ಬ ಹುಡುಗನಿಗೆ ಊರೆಂದರೆ ಕ್ಯಾಂಪಿನಿಂದ ಸೈಟು, ಸೈಟಿನಿಂದ ಕ್ಯಾಂಪು, ನಡುವೆ ಬಸ್ಸಿನ ಕಿಟಕಿಯಲ್ಲಿ ಕಂಡಷ್ಟು ಮಣ್ಣು. ಶುಕ್ರವಾರ ಬಟ್ಟೆ ಒಗೆಯಲು, ಮನೆಗೆ ಫೋನು ಮಾಡಲು ಹೋಗುತ್ತದೆ. ಅವನ ಕೆಲಸದ ಜಾಗಕ್ಕೆ ಹತ್ತಿರದಲ್ಲೇ ಇರುವ ಬಂಡೆಗಳನ್ನು ನೋಡಲು ನಾವು 550 ಕಿಲೋಮೀಟರ್ ಹೋಗುತ್ತೇವೆ. ಅವನು ಅವನ್ನು ಒಮ್ಮೆಯೂ ನೋಡದೆ ಊರಿಗೆ ಹಿಂತಿರುಗಬಹುದು. ಅವನನ್ನು ಯಾರೂ ‘ಅಪರೂಪದ ಸ್ಥಳ ಕಂಡವನು’ ಎಂದು ವೇದಿಕೆಗೆ ಕರೆಯುವುದಿಲ್ಲ. ಆ ಊರಿನ ಬಿಸಿಲನ್ನೂ ಗಾಳಿಯನ್ನೂ ನಮಗಿಂತ ನೂರು ಪಾಲು ಬಲ್ಲವನು ಅವನೇ.

ಆದ್ದರಿಂದ ನಮ್ಮಲ್ಲಿ ಯಾರಾದರೂ ಆ ಕಡೆ ಹೊರಟರೆ ಒಂದು ಸಣ್ಣ ಸೂಚನೆ. ಕಾರಿನಲ್ಲಿ ಒಂದು ಸೀಟು ಖಾಲಿ ಇಟ್ಟುಕೊಳ್ಳಿ. ಅಲ್ಲಿ ಕೆಲಸ ಮಾಡುವ ನಮ್ಮವರೊಬ್ಬರನ್ನು, ಆಗದಿದ್ದರೆ ಯಾವ ಊರಿನವರಾದರೂ ಸರಿ, ಮೊದಲೇ ಮಾತಾಡಿ ಶುಕ್ರವಾರ ಜೊತೆಗೆ ಕರೆದುಕೊಳ್ಳಿ. ಬುತ್ತಿಯಲ್ಲಿ ಒಂದು ಪಾಲು ಹೆಚ್ಚು ಕಟ್ಟಿ. ಹಂಚಿಕೊಂಡರೆ ಕರಗುವ ಪುಣ್ಯ ಯಾವುದು, ಬೆಳೆಯುವ ಪುಣ್ಯ ಯಾವುದು ಎಂದು ಪರೀಕ್ಷಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ನಮ್ಮ ಹಳ್ಳಿಗಳೂ ಯಾರೋ ಒಬ್ಬರಿಗೆ ‘ಯಾರೂ ಹೋಗದ ಊರು’ಗಳೇ. ಸಿದ್ದಾಪುರದ, ಸುಳ್ಯದ, ಸಿಂದಗಿಯ ಮೂಲೆಯ ಒಂದು ಊರಿನ ಹೆಸರು ಹೇಳಿದಾಗ ಎದುರಿನವರು "ಅಲ್ಲೇನಿದೆ?" ಎಂದರೆ ನಮ್ಮ ಬಾಯಿಗೆ ಥಟ್ಟನೆ ಉತ್ತರ ಬರುವುದಿಲ್ಲ. ಹೇಳಲು ಏನೂ ಇಲ್ಲವೆಂದಲ್ಲ, ಎಲ್ಲಿಂದ ಶುರುಮಾಡಬೇಕೆಂದು ತಿಳಿಯುವುದಿಲ್ಲ. ದುಕ್ಮ್‌ನವರಿಗೂ ಹಾಗೇ ಇರಬೇಕು. ಸಮಾಧಾನವಾಗಿ ಕೂತು ಕೇಳಿಸಿಕೊಳ್ಳುವವರು ಬಂದರೆ, ಅವರೂ ಎಲ್ಲಿಂದಲೋ ಶುರುಮಾಡಿಯಾರು.